ಅಟ್ಟದ ಮೇಲಿನ ಗಾಳದ ಕೋಲು

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದು ಹೋಗುವವರಿಗೆ ಸುಮಾರು ೩೫ ಕಿಲೋಮೀಟರಿನ ಮೇಲೆ ಕಮಲಾಪುರವು ಸಿಕ್ಕುವುದು. ಕೆಂಪು ಬಾಳೆಯ ಹಣ್ಣಿನಿಂದ ನಾಡಿನಲ್ಲೆಲ್ಲ ಹೆಸರುಗೊಂಡ ಈ ಊರು ನಮ್ಮ ತಾಯಿಯವರ ತವರು. ಅಲ್ಲಿಯ ಹಳೆಯ ಮನೆಯ ಮಾಳಿಗೆಯು ಮಳೆಗಾಲದಲ್ಲಿ ಸೋರಹತ್ತಿದುದರಿಂದ ಕಳೆದ ಬೇಸಗೆಯಲ್ಲಿ ದುರಸ್ತಿಗೆ ಕೈಹಚ್ಚಿದೆವು. ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಅಂಗಳಕ್ಕೆ ಇಳಿಸಿದಾಗ, ಒಡೆದ ಬೀಸುವ ಕಲ್ಲು, ತುಕ್ಕು ಹಿಡಿದ ಕಂದೀಲು, ತಳ ಹೋದ ತಾಮ್ರದ ಹಂಡೆ ಇವುಗಳ ನಡುವೆ ಉದ್ದನೆಯ ಕ್ಯಾನ್ವಾಸಿನ ಚೀಲವೊಂದು ಹೊರಬಂದಿತು.

ಗುಜರಿಯವನು ಎಲ್ಲವನ್ನೂ ತಕ್ಕಡಿಗೆ ಹಾಕುತ್ತಲಿದ್ದನು. ಆ ಚೀಲವನ್ನು ಬಿಚ್ಚಿ, ಒಳಗಿದ್ದ ಮರದ ಗಾಲಿಯೊಂದನ್ನು ಕೈಯಲ್ಲಿ ತೂಗಿ ನೋಡಿ, "ಇದರಾಗಿನ ಹಿತ್ತಾಳಿ ಅಷ್ಟ ತಗೋತೀನ್ರಿ, ಕಟ್ಟಿಗಿ ಒಲಿಗೆ ಹಾಕ್ರಿ" ಎಂದನು. ಅಷ್ಟರಲ್ಲಿ ಹತ್ತು ವರುಷದ ನಮ್ಮ ಮೊಮ್ಮಗನು ಓಡಿಬಂದು ಗಾಲಿಯನ್ನು ಕಸಿದುಕೊಂಡು, "ಮುತ್ಯಾ, ಇದು ಪತಂಗದ ಚರ್ಖಿ ಅದ ಏನು?" ಎಂದು ಕೇಳಿದನು. ಅಲ್ಲವೆಂದೂ, ಅದು ಕಡಲಿನ ಮೀನನ್ನು ಹಿಡಿಯುವ ಸಾಧನವೆಂದೂ ಹೇಳಿದರೆ ಹುಡುಗನು ನಂಬಲೊಲ್ಲನು. "ಇಲ್ಲಿ ಕಡಲು ಎಲ್ಲದ?" ಎಂದು ಮತ್ತೆ ಪ್ರಶ್ನಿಸಿದನು.

ಹುಡುಗನ ಪ್ರಶ್ನೆಯು ನ್ಯಾಯವಾದುದೇ. ಹಕ್ಕಿ ಹಾರುವ ಹಾದಿಯಲ್ಲಿ ಎಣಿಸಿದರೂ ಪಡುವಣ ಕಡಲು ನಮಗೆ ೩೫೦ ಕಿಲೋಮೀಟರಿಗಿಂತ ದೂರ. ಮೂಡಣ ಕಡಲು ಇನ್ನೂ ದೂರ. ಭೀಮೆ, ಕಾಗಿಣೆಗಳ ನೀರನ್ನು ಕುಡಿದು, ತೊಗರಿಯ ಹೊಲಗಳ ನಡುವೆ ಬೆಳೆದ ನಮಗೆ ಸಮುದ್ರವೆಂದರೆ ಪುಸ್ತಕದ ಮಾತು. ಹೀಗಿದ್ದರೂ ಕಡಲ ಗಾಳದ ಕಥೆಯೊಡನೆ ನಮ್ಮ ಸೀಮೆಗೆ ಎಂಟು ನೂರು ವರುಷಗಳಿಗೂ ಹೆಚ್ಚಿನ ನಂಟು ಇರುವುದೆಂದು ಹೇಳಿದರೆ ವಾಚಕರಿಗೆ ಆಶ್ಚರ್ಯವಾದೀತು. ಆ ನಂಟನ್ನೂ, ಆ ಹಳೆಯ ಕೋಲಿನ ಕುಶಲತೆಯನ್ನೂ, ಅದು ನಮ್ಮ ಮನೆಯಲ್ಲಿ ಎಬ್ಬಿಸಿದ ಒಂದು ಪ್ರಶ್ನೆಯನ್ನೂ ಇಲ್ಲಿ ನಿವೇದಿಸುವೆನು.

ಕೋಲು ಬಂದ ಬಗೆ

೧೯೫೬ರ ಏಕೀಕರಣದಿಂದ ಕಲಬುರಗಿ, ಕಾರವಾರಗಳು ಒಂದೇ ರಾಜ್ಯಕ್ಕೆ ಸೇರಿದುವಷ್ಟೆ. ಸರಕಾರಿ ನೌಕರಿಯಲ್ಲಿದ್ದ ನಮ್ಮ ಸೋದರಮಾವಂದಿರಿಗೆ ಕೆಲವು ದಿನಗಳಲ್ಲಿಯೇ ಕಾರವಾರಕ್ಕೆ ವರ್ಗವಾಯಿತು. ಬಯಲುಸೀಮೆಯ ಮನುಷ್ಯರು ಮೊದಲ ಸಲ ಕಡಲನ್ನು ಕಂಡು ಬೆರಗಾದರು. ಸ್ವದೇಶಕ್ಕೆ ಹೊರಟಿದ್ದ ಮುದಿ ಇಂಜಿನಿಯರರೊಬ್ಬರು ತಮ್ಮ ಸಾಮಾನುಗಳನ್ನು ಮಾರುತ್ತಿದ್ದಾಗ ಈ ಕೋಲನ್ನೂ ರಾಟೆಯನ್ನೂ ಕೊಂಡುಕೊಂಡರು. ಅದು ಆಗಲೇ ಹಳೆಯದಾಗಿದ್ದಿತು.

ಮಾಮಾ ಅವರು ಮೊದಲ ವರುಷ ಅದನ್ನು ಮುಟ್ಟಲಿಲ್ಲವಂತೆ. ಕಾಳೀ ನದಿಯು ಸಮುದ್ರವನ್ನು ಕೂಡುವ ಅಳಿವೆಯ ದಂಡೆಯಲ್ಲಿ ಸಂಜೆ ಸಂಜೆಗೆ ಕುಳಿತು, ಅಲ್ಲಿಯ ಮೀನುಗಾರರು ಮಾಡುವುದನ್ನು ನೋಡಿದರು. ಅವರಲ್ಲಿ ವಯಸ್ಸಾದ ಒಬ್ಬರು, ಮೊದಲು ನೀರನ್ನು ಓದಲು ಕಲಿಯಿರಿ, ಗಾಳವು ಆ ಮೇಲಿನ ಮಾತು ಎಂದು ಬುದ್ಧಿ ಹೇಳಿದರಂತೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಉಬ್ಬರವು ದೊಡ್ಡದು; ಅಷ್ಟಮಿಯ ಸುಮಾರಿಗೆ ಸಣ್ಣದು. ಉಬ್ಬರವು ದಿನಕ್ಕೆ ಎರಡು ಸಲ ಬಂದರೂ ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ ಬರುವುದು. ಏರುವ ನೀರಿನೊಡನೆ ಸಣ್ಣ ಮೀನು ಅಳಿವೆಯೊಳಕ್ಕೆ ಬರುವುದು. ಅದನ್ನು ತಿನ್ನಲು ದೊಡ್ಡ ಮೀನು ಹಿಂಬಾಲಿಸುವುದು. ಇಷ್ಟನ್ನು ತಿಳಿಯದೆ ಗಾಳ ಬೀಸುವವನು ಬರಿಯ ನೀರಿಗೆ ದಾರ ತೋಯಿಸಿದಂತೆಯೇ ಸರಿ.

ಕೋಲು ಮತ್ತು ರಾಟೆಯ ರಚನೆ

ನಮ್ಮಲ್ಲಿ ಬಹು ಜನರು ಗಾಳವನ್ನು ಕಂಡಿರುವುದು ಕೆರೆಯ ದಂಡೆಯಲ್ಲಿ. ಒಂದು ಬಿದಿರ ಕೋಲು, ಅದರ ತುದಿಗೆ ಕೆಲವು ಮೊಳ ದಾರ, ತೇಲಲು ಒಂದು ಬೆಂಡು, ಮುಳುಗಲು ಸೀಸದ ಚೂರು, ಕೊನೆಗೆ ಎರೆಹುಳುವನ್ನು ಚುಚ್ಚಿದ ಕೊಂಡಿ. ಕೈಯಗಲದ ಮೀನಿಗೆ ಇಷ್ಟು ಸಾಕು. ಕಡಲಿನಲ್ಲಿ ಇದು ಸಾಗದು. ಅಲ್ಲಿ ಮೀನು ಅಲೆಗಳ ಆಚೆಗೆ ಇರುವುದು. ಸಿಕ್ಕಿಕೊಂಡರೆ ನೂರು ಗಜ ಓಡುವುದು. ಆದುದರಿಂದ ಬಹಳ ನೂಲನ್ನು ಸುತ್ತಿಡುವ, ಬೇಕಾದಾಗ ಬಿಡುವ, ಮತ್ತೆ ಎಳೆದುಕೊಳ್ಳುವ ಸಾಧನವೊಂದು ಬೇಕಾಯಿತು. ರೀಲು ಎಂದು ಕರೆಯಲ್ಪಡುವ ರಾಟೆಯು ಇದೇ.

ಕೋಲಿನ ವಿಷಯವನ್ನು ಮೊದಲು ಹೇಳುವೆನು. ನಮ್ಮ ಅಟ್ಟದಲ್ಲಿದ್ದ ಕೋಲು ದುಂಡಾಗಿರದೆ ಆರು ಮುಖಗಳುಳ್ಳದ್ದಾಗಿದೆ. ಬಿದಿರಿನ ಬಲವೆಲ್ಲ ಅದರ ಹೊರತೊಗಟೆಯ ನಾರಿನಲ್ಲಿರುವುದು. ಒಳಗಿನ ಭಾಗ ಮೆದು. ಆದಕಾರಣ ಕುಶಲಿಗಳು ಬಿದಿರನ್ನು ಉದ್ದಕ್ಕೆ ಸೀಳಿ, ಒಂದೊಂದು ಸೀಳನ್ನು ಮುಕ್ಕೋಣಾಕಾರವಾಗಿ ಹತ್ತರಿ ಹೊಡೆದು, ಹೊರತೊಗಟೆಯು ಹೊರಗೇ ಉಳಿಯುವಂತೆ ಆರು ಸೀಳುಗಳನ್ನು ಕೂಡಿಸಿ ಅಂಟಿಸುತ್ತಿದ್ದರು. ಅದರ ಮೇಲೆ ಅಲ್ಲಲ್ಲಿ ರೇಶಿಮೆಯ ನೂಲನ್ನು ಬಿಗಿದು ಸುತ್ತಿ, ವಾರ್ನಿಶು ಹಚ್ಚುತ್ತಿದ್ದರು. ಈ ಕೆಲಸಕ್ಕೆ ಯುರೋಪು ಅಮೇರಿಕೆಗಳಿಗೆ ಮೊದಮೊದಲು ಹೋಗುತ್ತಿದ್ದುದು ಕಲ್ಕತ್ತೆಯ ಬಂದರಿನಿಂದ ಸಾಗಿದ ನಮ್ಮ ದೇಶದ ಬಿದಿರೇ ಆಗಿದ್ದಿತು. ಮುಂದೆ ಚೀನದ ದಕ್ಷಿಣ ಭಾಗದಲ್ಲಿ ಬೆಳೆಯುವ, ಟೊಂಕಿನ್ ಎಂದು ಹೆಸರಾದ ಬಿದಿರು ಆ ಸ್ಥಾನವನ್ನು ಹಿಡಿಯಿತು. ಕೆಲವು ಕೋಲುಗಳನ್ನು ದಕ್ಷಿಣ ಅಮೇರಿಕೆಯ ಗ್ರೀನ್‌ಹಾರ್ಟ್ ಎಂಬ ಭಾರವಾದ ಮರದಿಂದ ಮಾಡುತ್ತಿದ್ದುದೂ ಉಂಟು. ನೂಲು ಉಜ್ಜಿ ಸವೆಯದಂತೆ ಕೋಲಿನ ಉದ್ದಕ್ಕೂ ಪಿಂಗಾಣಿಯ ಉಂಗುರಗಳು. ಎರಡು ತುಂಡುಗಳು ಕೂಡುವಲ್ಲಿ ಹಿತ್ತಾಳೆಯ ಕೊಳವೆ.

ಇನ್ನು ರಾಟೆ. ನಮ್ಮ ಕಲಬುರಗಿಯ ಎಂ.ಎಸ್.ಕೆ. ಮಿಲ್ಲು ಈಗ ಮುಚ್ಚಿಹೋಗಿದ್ದರೂ ಅಲ್ಲಿಯ ಕಂಡಿಕೆಗಳನ್ನು ಕಂಡ ಹಿರಿಯರು ನಮ್ಮ ನಡುವೆ ಇರುವರು. ಅಂಥವರಿಗೆ ಈ ರಾಟೆಯು ಹೊಸದೆನಿಸಲಾರದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಪಟ್ಟಣವು ಜಾಲರಿ ನೇಯುವುದಕ್ಕೆ ಪ್ರಸಿದ್ಧವಾದುದು. ಅಲ್ಲಿಯ ಮರದ ಕಂಡಿಕೆಗಳ ಮಾದರಿಯಿಂದಲೇ ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ರಾಟೆಗಳು ಹುಟ್ಟಿದುವೆಂದು ಹೇಳುವರು. ಮರವು ನೀರು ಕುಡಿದು ಸೊಟ್ಟಾಗದಂತೆ ಬೆನ್ನಿಗೆ ನಕ್ಷತ್ರಾಕಾರದ ಹಿತ್ತಾಳೆಯ ಪಟ್ಟಿಯನ್ನು ಜಡಿಯುತ್ತಿದ್ದರು. ಕಡಲಿಗಾಗಿ ಮಾಡಿದ ಇದರ ದೊಡ್ಡ ರೂಪಕ್ಕೆ ಸ್ಕಾರ್‌ಬರೋ ಎಂಬ ಕರಾವಳಿಯ ಊರಿನ ಹೆಸರು ಬಂದಿತು. ಗುಜರಿಯವನ ಕೈಯಿಂದ ತಪ್ಪಿಸಿಕೊಂಡ ನಮ್ಮ ರಾಟೆಯು ಈ ಜಾತಿಯದು.

ಇದರಲ್ಲಿ ಹಲ್ಲಿನ ಚಕ್ರಗಳಿಲ್ಲ, ತಡೆಯಿಲ್ಲ, ಬೀಗವಿಲ್ಲ. ನಡುವೆ ಒಂದು ಅಚ್ಚು, ಅದರ ಸುತ್ತ ತಿರುಗುವ ಗಾಲಿ, ಗಾಲಿಗೆ ಎರಡು ಹಿಡಿಕೆ. ಹಿಡಿಕೆಯನ್ನು ಒಂದು ಸುತ್ತು ತಿರುವಿದರೆ ಗಾಲಿಯೂ ಒಂದೇ ಸುತ್ತು ತಿರುಗುವುದು. ಸೀಸದ ಗುಂಡನ್ನು ಬೀಸಿ ಎಸೆದಾಗ ಅದು ನೂಲನ್ನು ಎಳೆದುಕೊಂಡು ಹೋಗುವುದು. ಗಾಲಿಯು ಬುಗುರಿಯಂತೆ ಸುತ್ತುವುದು. ಗುಂಡು ನೀರು ಮುಟ್ಟುವ ಕ್ಷಣಕ್ಕೆ ಸರಿಯಾಗಿ ಗಾಲಿಯ ಅಂಚನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಒಂದು ಕ್ಷಣ ತಡವಾದರೆ ಗುಂಡು ನಿಂತರೂ ಗಾಲಿ ನಿಲ್ಲದೆ, ನೂಲೆಲ್ಲ ಕೆದರಿ ಗೋಜಲಾಗುವುದು. ಅದನ್ನು ಬಿಡಿಸುವುದರಲ್ಲಿಯೇ ಸಂಜೆ ಕಳೆಯುವುದು. ದೊಡ್ಡ ಮೀನು ಓಡಿದಾಗ ಹಿಡಿಕೆಗಳು ಹಿಂದು ಹಿಂದಕ್ಕೆ ರಭಸದಿಂದ ತಿರುಗಿ ಬೆರಳಿನ ಗೆಣ್ಣುಗಳಿಗೆ ಬಡಿಯುವುವು. ಮಾಮಾ ಅವರ ಬಲಗೈಯ ನಡುಬೆರಳು ಕೊನೆಯವರೆಗೂ ಸ್ವಲ್ಪ ಸೊಟ್ಟಾಗಿಯೇ ಇದ್ದಿತು.

ಈ ತೊಡಕುಗಳನ್ನು ಕಳೆಯಲು ಪಂಡಿತರು ಬಗೆಬಗೆಯಾಗಿ ಯೋಚಿಸಿದರು. ಸ್ಕಾಟ್‌ಲೆಂಡಿನ ಪರ್ತ್ ಊರಿನ ಮ್ಯಾಲಕ್ ಎಂಬವರು ೧೮೮೪ರಲ್ಲಿ, ಎಸೆಯುವಾಗ ಗಾಲಿಯನ್ನು ಅಡ್ಡಕ್ಕೆ ಹೊರಳಿಸಿ ನೂಲು ಅದರ ಅಂಚಿನ ಮೇಲಿಂದ ಜಾರುವಂತೆ ಮಾಡಿದರು. ಉಣ್ಣೆಯ ಗಿರಣಿಗಳ ಸೀಮೆಯವರಾದ ಇಲಿಂಗ್‌ವರ್ತ್ ಎಂಬವರು ೧೯೦೫ರಲ್ಲಿ, ಗಾಲಿಯನ್ನು ನಿಲ್ಲಿಸಿಯೇ ಇಟ್ಟು ನೂಲನ್ನು ಮಾತ್ರ ಅದರ ಸುತ್ತ ಸುತ್ತುವ ಯುಕ್ತಿಗೆ ಹಕ್ಕು ಪಡೆದರು. ಇಂದು ಅಂಗಡಿಗಳಲ್ಲಿ ದೊರೆಯುವ ಬಹುತೇಕ ರೀಲುಗಳು ಇದರ ಮಕ್ಕಳು ಮೊಮ್ಮಕ್ಕಳು. ಅಮೇರಿಕೆಯಲ್ಲಿ ೧೯೧೩ರ ಸುಮಾರಿಗೆ ಬಾಶೆನ್ ಎಂಬವರ ಸೂಚನೆಯಂತೆ, ರಾಟೆಯೊಳಗೆ ಬಿಲ್ಲೆಗಳನ್ನು ಒತ್ತಿ, ಮೀನು ಓಡಿದರೂ ಹಿಡಿಕೆಯು ಹಿಂದಕ್ಕೆ ತಿರುಗದಂತಹ ತಡೆಯನ್ನು ಅಳವಡಿಸಿದರು. ಅದೇ ವರುಷ ಬಾಶೆನ್ ಅವರು ಕ್ಯಾಟಲೀನಾ ದ್ವೀಪದ ಬಳಿ ೩೫೫ ಪೌಂಡು ತೂಕದ ಕತ್ತಿಮೀನನ್ನು ಕೋಲಿನಿಂದ ಹಿಡಿದರು.

ನೂಲಿನ ಕಥೆಯೂ ಸ್ವಾರಸ್ಯವಾದುದೇ. ನಾಯ್ಲಾನು ಲೋಕಕ್ಕೆ ಪ್ರಕಟವಾದುದು ೧೯೩೮ರಲ್ಲಿ. ಅದಕ್ಕೆ ಮೊದಲು ಕಡಲಿಗೆ ಅಗಸೆಯ ನಾರಿನ ಹುರಿಯೇ ಗತಿ. ಈ ಹುರಿಯು ಒದ್ದೆಯಾದಾಗ ಹೆಚ್ಚು ಬಲಗೊಳ್ಳುವುದು. ಆದರೆ ಒದ್ದೆಯಾಗಿಯೇ ಬಿಟ್ಟರೆ ಕೊಳೆಯುವುದು. ಆದುದರಿಂದ ಪ್ರತಿಸಲವೂ ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆದು, ಎಲ್ಲವನ್ನೂ ಬಿಚ್ಚಿ, ನೆರಳಿನಲ್ಲಿ ಹರವಿ ಒಣಗಿಸಲೇಬೇಕು. ಒಂದು ಸಲ ಮಾಮಾ ಅವರು ದಣಿವಿನಿಂದ ಒದ್ದೆ ಹುರಿಯನ್ನು ಹಾಗೆಯೇ ಬಿಟ್ಟು ಮಲಗಿದರು. ಎಂಟು ದಿನಗಳ ಮೇಲೆ ಹೋದಾಗ, ಆ ವರೆಗೆ ಎಂದೂ ಸಿಕ್ಕದಂತಹ ಮೀನೊಂದು ಕಚ್ಚಿತು. ಕೋಲು ಬಿಲ್ಲಿನಂತೆ ಬಾಗಿತು. ಹುರಿಯು ಸದ್ದಿಲ್ಲದೆ ಸುಟ್ಟ ನೂಲಿನಂತೆ ಹರಿದುಹೋಯಿತು. "ಅದನ್ನ ಮೀನು ಹರೀಲಿಲ್ಲಪ್ಪ, ನನ್ನ ಆಲಸ್ಯ ಹರೀತು" ಎಂದು ಅವರು ನಮಗೆಲ್ಲ ಹೇಳುತ್ತಿದ್ದರು. ಪರೀಕ್ಷೆಯ ಹಿಂದಿನ ದಿನಗಳಲ್ಲಿ ಈ ಮಾತನ್ನು ನಾವು ಎಷ್ಟು ಸಲ ಕೇಳಿದೆವೆಂಬುದಕ್ಕೆ ಲೆಕ್ಕವಿಲ್ಲ.

ಕಲ್ಯಾಣದ ಅರಸನ ಗಾಳ

ಈಗ ನಮ್ಮ ಸೀಮೆಯ ನಂಟಿನ ಮಾತಿಗೆ ಬರುವೆನು. ಕಮಲಾಪುರದಿಂದ ಅದೇ ಹಾದಿಯಲ್ಲಿ ಹುಮನಾಬಾದನ್ನು ದಾಟಿ ಮುಂದೆ ನಡೆದರೆ ಬಸವಕಲ್ಯಾಣವು ಬರುವುದು. ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದನು. ಭೂಲೋಕಮಲ್ಲನೆಂದೂ ಸರ್ವಜ್ಞ ಚಕ್ರವರ್ತಿಯೆಂದೂ ಬಿರುದು ಪಡೆದ ಈ ಅರಸನು ೧೧೩೦ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಗ್ರಂಥವು ನೂರು ಅಧ್ಯಾಯಗಳುಳ್ಳ ಒಂದು ವಿಶ್ವಕೋಶವೇ ಸರಿ. 'ಅಭಿಲಷಿತಾರ್ಥ ಚಿಂತಾಮಣಿ'ಯೆಂಬುದು ಇದರ ಇನ್ನೊಂದು ಹೆಸರು. ನಮ್ಮ ಗೃಹಿಣಿಯರು ಇಂದಿಗೂ ಮಾಡುವ ಇಡ್ಡಲಿ, ದೋಸೆಗಳ ಪೂರ್ವಜರನ್ನು ಈ ಗ್ರಂಥದಲ್ಲಿಯೇ ಕಾಣಬಹುದು.

ಇದರ ನಾಲ್ಕನೆಯ ವಿಂಶತಿಯಲ್ಲಿ ಅರಸನ ಇಪ್ಪತ್ತು ವಿನೋದಗಳ ವರ್ಣನೆಯಿರುವುದು. ಮಲ್ಲಯುದ್ಧ, ಗಜ, ಅಶ್ವ, ಗೀತ, ನೃತ್ಯ, ಕಥೆ ಮೊದಲಾದುವುಗಳ ಸಾಲಿನಲ್ಲಿ 'ಮತ್ಸ್ಯವಿನೋದ'ವೂ ಒಂದು. ಎಂದರೆ ಗಾಳದಿಂದ ಮೀನು ಹಿಡಿಯುವ ವಿನೋದ. ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸಿ, ಕಡಲಿನವು ಯಾವುವು, ನದಿಯವು ಯಾವುವು, ಹುರುಪೆಯುಳ್ಳವು ಯಾವುವು, ಬರಿಯ ತೊಗಲಿನವು ಯಾವುವು ಎಂದು ಅರಸನು ವಿಂಗಡಿಸಿರುವನು. ಒಂದೊಂದು ಬಗೆಯ ಮೀನಿಗೆ ಯಾವ ಆಹಾರವು ಮೆಚ್ಚು ಎಂಬುದನ್ನು ಹೇಳಿರುವನು. ಬಿದಿರಿನ ಕೋಲು, ಗಟ್ಟಿಯಾಗಿ ಹೊಸೆದ ದಾರ, ಮೀನಿಗೆ ತಕ್ಕ ಎರೆ, ಕಚ್ಚಿದಾಗ ಎಳೆಯುವ ಕ್ರಮ ಇವೆಲ್ಲವೂ ಅಲ್ಲಿ ಬಂದಿರುವುವು. ಗಾಳ ಹಾಕುವ ಮೊದಲು ಮೀನುಗಳಿಗೆ ತಿನಿಸನ್ನು ಹಾಕಿ, ಅವುಗಳನ್ನು ಕೊಬ್ಬಿಸಿ ಒಂದೆಡೆಗೆ ರೂಢಿಮಾಡುವ ಪದ್ಧತಿಯೂ ಇರುವುದು.

ಕಡಲಿನಿಂದ ಇಷ್ಟು ದೂರ ಕುಳಿತ ಅರಸನಿಗೆ ಕಡಲಿನ ಮೀನು ಹೇಗೆ ತಿಳಿಯಿತು? ಕೊಂಕಣದ ಶಿಲಾಹಾರರೂ ಗೋವೆಯ ಕದಂಬರೂ ಕಲ್ಯಾಣದ ಸಾಮಂತರಾಗಿದ್ದುದನ್ನು ನೆನೆದರೆ ಇದಕ್ಕೆ ಸಮಾಧಾನ ದೊರೆಯುವುದು. ಚಕ್ರವರ್ತಿಯ ಆಸ್ಥಾನಕ್ಕೆ ಕಪ್ಪದೊಡನೆ ಕರಾವಳಿಯ ಅರಿವೂ ಬಂದಿರಬೇಕು. ಇಂಗ್ಲೆಂಡಿನಲ್ಲಿ ಗಾಳವನ್ನು ಕುರಿತ ಮೊದಲ ಅಚ್ಚಿನ ಪುಸ್ತಕವು ಹೊರಟುದು ೧೪೯೬ರಲ್ಲಿ. ಐಸಾಕ್ ವಾಲ್ಟನ್ ಅವರ ಪ್ರಸಿದ್ಧ ಗ್ರಂಥವು ೧೬೫೩ರದು. ಕಲ್ಯಾಣದ ಅರಸನು ಅವರಿಗಿಂತ ಎಷ್ಟು ಹಿಂದಿನವನೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ೧೯೩೯ರಲ್ಲಿ ಹೊರಟ ಎರಡನೆಯ ಸಂಪುಟದಿಂದ ಈ ಭಾಗವು ವಿದ್ವಾಂಸರ ಕೈಸೇರಿತು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಮತ್ಸ್ಯವಿನೋದವನ್ನು ಕುರಿತು ಪ್ರಬಂಧ ಬರೆದು, ಅದರಲ್ಲಿಯ ಮೀನುಗಳನ್ನು ಗುರುತಿಸಲು ಯತ್ನಿಸಿದರು.

ಮಂಗಳೂರಿನ ಇನ್ನೊಂದು ಗ್ರಂಥ

ಮಾನಸೋಲ್ಲಾಸದ ಬಳಿಕ ಏಳು ಶತಮಾನಗಳಿಗೂ ಹೆಚ್ಚು ಕಾಲ ಕಳೆದು, ಗಾಳದ ಮತ್ತೊಂದು ದೊಡ್ಡ ಗ್ರಂಥವು ಹುಟ್ಟಿದುದೂ ಕನ್ನಡ ಜಿಲ್ಲೆಯಲ್ಲಿಯೇ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲರು ಭಾರತದ ಗಾಳವಿದ್ಯೆಯನ್ನು ಕುರಿತು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವು ೧೮೭೩ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಬಿಳಿಮೀನು ಎಂದು ಕನ್ನಡಿಗರು ಕರೆಯುವ ಮಹಶೀರ್ ಮೀನನ್ನು ಹಿಡಿಯುವ ಬಗೆಯಿಂದ ಹೆಸರಾದ ಗ್ರಂಥ ಅದು. ಆದರೆ ಥಾಮಸ್ ಅವರನ್ನು ನಾವು ನೆನೆಯಬೇಕಾದುದು ಬೇರೊಂದು ಕಾರಣಕ್ಕಾಗಿ. ಹೊಳೆಗಳಲ್ಲಿ ವಿಷ ಹಾಕುವುದರಿಂದಲೂ, ತೀರ ಸಣ್ಣ ಕಣ್ಣಿನ ಬಲೆಗಳಿಂದಲೂ ಮರಿಮೀನುಗಳು ನಾಶವಾಗುತ್ತಿರುವುದನ್ನು ಕಂಡು, ಅವರು ಸರಕಾರಕ್ಕೆ ಎಚ್ಚರಿಕೆ ಕೊಟ್ಟರು. ಸಿಡಿಮದ್ದು ಮತ್ತು ವಿಷಗಳಿಂದ ಮೀನು ಕೊಲ್ಲುವುದನ್ನು ನಿಷೇಧಿಸುವ ಭಾರತೀಯ ಮತ್ಸ್ಯ ಕಾಯಿದೆಯು ೧೮೯೭ರಲ್ಲಿ ಬಂದಿತು.

ಒಬ್ಬನು ಕಲ್ಯಾಣದ ಚಕ್ರವರ್ತಿ, ಇನ್ನೊಬ್ಬನು ಪರದೇಶದ ಅಧಿಕಾರಿ. ಆದರೂ ಇಬ್ಬರ ಗ್ರಂಥಗಳಿಂದಲೂ ಹೊರಡುವ ಪಾಠವು ಒಂದೇ: ಹಿಡಿಯುವ ಮೊದಲು ಮೀನನ್ನು ಅರಿತುಕೋ. ಅದು ಏನನ್ನು ತಿನ್ನುವುದು, ಎಲ್ಲಿ ನಿಲ್ಲುವುದು, ಯಾವಾಗ ಬರುವುದು ಎಂಬುದನ್ನು ಅರಿಯದವನಿಗೆ ಗಾಳವು ಒಲಿಯದು. ಬಲೆಗೆ ಈ ಅರಿವು ಇಷ್ಟು ಬೇಕಾಗದು; ವಿಷಕ್ಕಂತೂ ಏನೂ ಬೇಕಾಗಿಲ್ಲ.

ಆಯಿಯ ಪ್ರಶ್ನೆ

ಇಷ್ಟೆಲ್ಲ ಕುಶಲತೆಯ ವಸ್ತುವು ನಮ್ಮ ಮನೆಯಲ್ಲಿ ಅಟ್ಟ ಸೇರಿದುದೇಕೆ ಎಂಬುದನ್ನು ಇನ್ನು ಹೇಳಬೇಕು. ನಮ್ಮ ತಾಯಿಯವರ ತವರಿನಲ್ಲಿ ಮೀನು ತಿನ್ನುವ ರೂಢಿಯಿಲ್ಲ. ಮಾಮಾ ಅವರೂ ತಿಂದವರಲ್ಲ. ಹಿಡಿದ ಮೀನನ್ನು ಅಲ್ಲಿಯೇ ಮೀನುಗಾರರ ಮನೆಗಳಿಗೆ ಕೊಟ್ಟುಬಿಡುತ್ತಿದ್ದರು. ಆರು ವರುಷಗಳ ಮೇಲೆ ಅವರು ಕೋಲಿನೊಡನೆ ಕಮಲಾಪುರಕ್ಕೆ ಬಂದಾಗ, ಅವರ ತಾಯಿ, ಎಂದರೆ ನಮ್ಮ ಆಯಿ, ಅದನ್ನು ಪಡಸಾಲೆಯೊಳಗೆ ತರಗೊಡಲಿಲ್ಲ. ಸಿಟ್ಟಾಗಲಿಲ್ಲ, ಕೂಗಾಡಲಿಲ್ಲ. ಒಂದೇ ಮಾತು ಕೇಳಿದಳು: "ನೀ ಉಣ್ಣಂಗಿಲ್ಲ. ಮತ್ತ ಅದರ ಬಾಯಾಗ ಕೊಂಡಿ ಯಾಕ ಹಾಕ್ತಿ?"

ಮಾಮಾ ಅವರು ಉತ್ತರ ಕೊಡಲಿಲ್ಲ. ಆ ಹೊತ್ತು ನಾನು ಚಿಕ್ಕವನಾಗಿ ಕಟ್ಟೆಯ ಮೇಲೆ ಕುಳಿತಿದ್ದೆನು. ಅವರು ಕೋಲನ್ನು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ತಾವೇ ನಿಚ್ಚಣಿಕೆ ಹಚ್ಚಿ ಅಟ್ಟಕ್ಕೆ ಏರಿಸಿದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಮೇಲೆ ಅದನ್ನು ಅವರು ಕೆಳಗಿಳಿಸಲಿಲ್ಲ.

ಆಯಿಯ ಪ್ರಶ್ನೆಯು ಆಕೆಯೊಬ್ಬಳದೇ ಅಲ್ಲ. ಮತ್ಸ್ಯವಿನೋದವನ್ನು ಬರೆದ ಅರಸನು ಗತಿಸಿದ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಶರಣರು ಸಕಲ ಜೀವಿಗಳಲ್ಲಿಯೂ ದಯೆಯನ್ನು ಬೋಧಿಸಿದರು. ಅರಸನ ವಿನೋದ, ಶರಣರ ದಯೆ ಎರಡೂ ಒಂದೇ ಮಣ್ಣಿನಲ್ಲಿ ಹುಟ್ಟಿದುವು. ನಮ್ಮ ಮನೆಯ ಅಂಗಳದಲ್ಲಿ ಆ ದಿನ ತಾಯಿ ಮಗನ ನಡುವೆ ನಡೆದುದು ಆ ಹಳೆಯ ವಾದವೇ.

ಇದನ್ನು ನಾನು ಬಹಳ ವರುಷ ಮನಸ್ಸಿನಲ್ಲಿ ತಿರುವಿ ನೋಡಿರುವೆನು. ಹೊಟ್ಟೆಯ ಪಾಡಿಗಾಗಿ ಮೀನು ಹಿಡಿಯುವವರ ಮಾತು ಬೇರೆ. ಅವರನ್ನು ನಿಂದಿಸುವ ಹಕ್ಕು ಬೇಳೆ ರೊಟ್ಟಿ ತಿನ್ನುವ ನಮಗಿಲ್ಲ. ವಿನೋದದ ಗಾಳಗಾರರೋ, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿಯನ್ನು ಈಗ ಅನೇಕರು ಅನುಸರಿಸುವರು. ಇದು ಕೊಲ್ಲುವುದಕ್ಕಿಂತ ಲೇಸೆಂಬುದು ನಿಜವಾದರೂ, ಕೊಂಡಿಯು ಮೀನಿನ ಬಾಯಿಯನ್ನು ಚುಚ್ಚುವುದು ತಪ್ಪಲಿಲ್ಲ. ಆಯಿಯು ಇದನ್ನು ಒಪ್ಪುತ್ತಿದ್ದಿಲ್ಲವೆಂದೇ ನನ್ನ ಎಣಿಕೆ.

ಆದರೆ ಇನ್ನೊಂದು ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮೈಸೂರಿನ ವ್ಯಾನ್ ಇಂಗೆನ್ ಅವರು ೧೯೪೬ರಲ್ಲಿ ಕಬಿನಿಯಲ್ಲಿ ೧೨೦ ಪೌಂಡಿನ ಬಿಳಿಮೀನನ್ನು ಕೋಲಿನಿಂದ ಹಿಡಿದರು. ಕಾವೇರಿಯ ಜಲಾನಯನದ ಆ ಡುಬ್ಬದ ಬಿಳಿಮೀನು ಈಗ ಜಗತ್ತಿನಿಂದಲೇ ಕಣ್ಮರೆಯಾಗುವ ಹಂತದಲ್ಲಿರುವುದೆಂದು ೨೦೧೮ರಲ್ಲಿ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಅದನ್ನು ಈ ಸ್ಥಿತಿಗೆ ತಂದುದು ಕೋಲಲ್ಲ. ಅಣೆಕಟ್ಟು, ಸಿಡಿಮದ್ದು, ಮರಳು ತೆಗೆಯುವಿಕೆ, ಹೊರಗಿನಿಂದ ತಂದು ಬಿಟ್ಟ ಬೇರೆ ಮೀನು ಇವೆಲ್ಲ ಸೇರಿ ಆ ಕೆಲಸ ಮಾಡಿದುವು. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವರ ಮೀನೆಂದು ಭಕ್ತರು ಅಕ್ಕಿ ಹಾಕಿ ಸಲಹಿದ ಮೀನುಗಳಿಗೆ ೧೯೯೬ರಲ್ಲಿ ದುಷ್ಟರು ವಿಷವಿಕ್ಕಿದರು. ಕಡಲಿನಲ್ಲಿಯೂ ಕಥೆ ಬೇರೆಯಲ್ಲ. ಊರಿನ ಜನರೆಲ್ಲ ಸೇರಿ ದಂಡೆಗೆ ಎಳೆದು, ಬಂದುದನ್ನು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆಯು, ೧೯೭೦ರ ದಶಕದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ಸೊರಗಿತು. ರಾತ್ರಿ ಕಣ್ಣು ಕೋರೈಸುವ ದೀಪ ಹಚ್ಚಿ ಮೀನುಗಳನ್ನು ಸೆಳೆದು ಬಾಚುವ ಕ್ರಮವನ್ನು ಕೇಂದ್ರ ಸರಕಾರವು ೨೦೧೭ರಲ್ಲಿ ನಿಷೇಧಿಸಬೇಕಾಯಿತು. ಪಡುವಣ ಕರಾವಳಿಯಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯಬಾರದೆಂಬ ಕಟ್ಟಳೆಯೂ ಮೀನಿನ ಸಂತತಿಯನ್ನು ಉಳಿಸುವುದಕ್ಕಾಗಿಯೇ.

ಹಳೆಯ ಕೋಲಿನಲ್ಲಿ ಕಟ್ಟಳೆಯು ವಸ್ತುವಿನೊಳಗೇ ಇದ್ದಿತು. ಒಂದು ಕೈ, ಒಂದು ಕೊಂಡಿ, ಒಂದು ಹೊತ್ತಿಗೆ ಒಂದು ಮೀನು. ಬೆರಳು ನೋಯುವುದು, ಹುರಿ ಹರಿಯುವುದು, ಮೀನು ತಪ್ಪಿಸಿಕೊಳ್ಳುವುದು. ದುರಾಸೆ ಮಾಡಬೇಕೆಂದರೂ ಅದರಿಂದ ಸಾಗದು. ಮಾಮಾ ಅವರು ಆರು ವರುಷಗಳಲ್ಲಿ ಹಿಡಿದ ಮೀನನ್ನೆಲ್ಲ ಕೂಡಿಸಿದರೂ ದೊಡ್ಡ ಬಲೆಯ ಒಂದು ಎಳೆತಕ್ಕೆ ಸಮವಾಗಲಿಕ್ಕಿಲ್ಲ. ಇದರಿಂದ ಆಯಿಯ ಪ್ರಶ್ನೆಗೆ ಉತ್ತರ ದೊರೆಯಿತೆಂದು ಹೇಳಲಾರೆ. ಆದರೆ ಕೈಯಲ್ಲಿರುವ ಸಾಧನವು ಮನುಷ್ಯನ ಆಸೆಗೆ ಎಷ್ಟು ಎಡೆಗೊಡುವುದು ಎಂಬುದೂ ಒಂದು ಧರ್ಮವಿಚಾರವೆಂಬುದನ್ನು ನಾನು ಈ ಕೋಲಿನಿಂದ ಕಲಿತೆನು.

ಇಂಥ ವಸ್ತು ಮನೆಯಲ್ಲಿದ್ದರೆ

ವಾಚಕರಲ್ಲಿ ಯಾರ ಮನೆಯಲ್ಲಾದರೂ ಹಿರಿಯರ ಇಂಥ ಕೋಲು, ರಾಟೆಗಳು ಉಳಿದಿದ್ದರೆ ಕೆಲವು ಮಾತುಗಳನ್ನು ಅವಶ್ಯವಾಗಿ ಲಕ್ಷ್ಯದಲ್ಲಿಡಬೇಕು. ಬಿದಿರಿನ ಕೋಲನ್ನು ಮುಚ್ಚಿದ ಚೀಲದಲ್ಲಿ ಒದ್ದೆಯಾಗಿ ಇಡಕೂಡದು. ಅಂಟು ಬಿಡುವುದು, ಬೂಷ್ಟು ಹಿಡಿಯುವುದು. ಗೋಡೆಗೆ ಒರಗಿಸಿಟ್ಟರೆ ಬಾಗುವುದು. ಮೇಲಿನಿಂದ ನೇರವಾಗಿ ತೂಗಬಿಡುವುದು ಲೇಸು. ಬಿಸಿಲಿಗೂ ಒಲೆಯ ಕಾವಿಗೂ ಇಡಬಾರದು. ನಮ್ಮ ಕಲಬುರಗಿಯ ಬೇಸಗೆಯಲ್ಲಿ ತಗಡಿನ ಮಾಳಿಗೆಯ ಕೆಳಗಿಡುವುದು ಅಂಟಿಗೆ ಮೃತ್ಯುವೇ. ರಾಟೆಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕಡಲಿನ ಉಪ್ಪನ್ನು ತೆಗೆದು, ಚೆನ್ನಾಗಿ ಒಣಗಿಸಿ, ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೆರಡು ಹನಿ ಬಿಡಬೇಕು. ಹಿತ್ತಾಳೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುವುದು ದೇವರ ಮನೆಯ ಪಾತ್ರೆಗಳಿಗೆ ಸರಿ, ಇಲ್ಲಿ ಬೇಡ. ಅದರಿಂದ ತಯಾರಕರ ಹೆಸರು ಅಳಿಸಿಹೋಗುವುದು. ಹಳೆಯ ಬಣ್ಣವೂ ಹೋಗುವುದು. ಪಿಂಗಾಣಿಯ ಉಂಗುರಗಳಲ್ಲಿ ಬಿರುಕು ಇದ್ದರೆ ಆ ಕೋಲನ್ನು ಬಳಸದಿರುವುದೇ ಕ್ಷೇಮ. ಬಿರುಕು ನೂಲನ್ನು ಕತ್ತರಿಸುವುದು. ಹಳೆಯ ಅಗಸೆಯ ಹುರಿಯನ್ನು ಮಾತ್ರ ನಂಬಬಾರದು. ಕೈಯಿಂದ ಎಳೆದರೂ ಹರಿದೀತು. ಎಲ್ಲಕ್ಕಿಂತ ಮೊದಲು ಕೊಂಡಿಗಳನ್ನು ಹುಡುಕಿ ತೆಗೆದು, ಮಕ್ಕಳ ಕೈಗೆ ಸಿಗದಂತೆ ಡಬ್ಬಿಯಲ್ಲಿ ಹಾಕಿಡಬೇಕು.

ಗುಜರಿಯವನು ಅಂದು ಹಂಡೆ ಕಂದೀಲುಗಳನ್ನು ಕೊಂಡುಹೋದನು; ರಾಟೆಯ ಹಿತ್ತಾಳೆ ಅವನಿಗೆ ದೊರೆಯಲಿಲ್ಲ. ಕೋಲನ್ನು ಒರೆಸಿ, ಆಯಿಯು ಅಂದು ಬೇಡವೆಂದ ಅದೇ ಪಡಸಾಲೆಯಲ್ಲಿ ತೂಗಹಾಕಿರುವೆವು. ಹೀಗೆ ಮಾಡಬಹುದೇ ಎಂದು ನಾನು ಬಹಳ ಅನುಮಾನಿಸಿದೆನು. ಕೊನೆಗೆ ಕೊಂಡಿಯನ್ನು ತೆಗೆದಿಟ್ಟು, ಬರಿಯ ಕೋಲನ್ನು ಒಳಗೆ ತಂದೆನು. ಮುಂದಿನ ರಜೆಯಲ್ಲಿ ಮೊಮ್ಮಗನನ್ನು ಕಾರವಾರಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟಿರುವೆನು. ಕಾಳಿಯ ಅಳಿವೆಯಲ್ಲಿ ಕುಳಿತು ಅವನು ಮೊದಲು ಉಬ್ಬರ ಇಳಿತಗಳನ್ನು ನೋಡಲಿ, ಯಾವ ಹೊತ್ತಿಗೆ ಯಾವ ಮೀನು ಬರುವುದೆಂದು ತಿಳಿಯಲಿ. ನೂಲಿನ ಕೊನೆಗೆ ಕೊಂಡಿಯನ್ನು ಕಟ್ಟಬೇಕೋ ಬೇಡವೋ ಎಂಬುದನ್ನು ಅವನು ದೊಡ್ಡವನಾದ ಮೇಲೆ, ತನ್ನ ಮುತ್ತಜ್ಜಿಯ ಮಾತನ್ನೂ ಕೇಳಿಕೊಂಡು, ತಾನೇ ನಿರ್ಣಯಿಸಲಿ.